ಗಡಿ ದಾಟಿದ ಮೋಹಿನಿ: ಬಿ. ವಿಠಲಾಚಾರ್ಯ ಅವರ ಬದುಕು ಮತ್ತು ಗಡಿನಾಡಿನ ಪ್ರೇಕ್ಷಕರು

ಕನ್ನಡ ಚಲನಚಿತ್ರ ಚರಿತ್ರೆಯಲ್ಲಿ ಬಿ. ವಿಠಲಾಚಾರ್ಯ (1920-1999) ಅವರ ಹೆಸರು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ ಬರುತ್ತದೆ. ಒಂದು, ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯ ಪಾಲುದಾರರಾಗಿ; ಮತ್ತೊಂದು, ಮುಂದೆ ರಾಜಕುಮಾರ್ ಎಂದು ಪ್ರಸಿದ್ಧರಾದ ಮುತ್ತುರಾಜ್ ಅವರು ಸಪ್ತರ್ಷಿಗಳಲ್ಲಿ ಒಬ್ಬರಾಗಿ ಕಾಣಿಸಿಕೊಂಡ ‘ಶ್ರೀ ಶ್ರೀನಿವಾಸ ಕಲ್ಯಾಣ’ (1952) ಚಿತ್ರದ ನಿರ್ದೇಶಕರಾಗಿ. ಅವರ ವೃತ್ತಿಜೀವನದ ಬಹುಭಾಗ ತೆಲುಗಿನಲ್ಲಿ ಸಂದುದರಿಂದ ಉಳಿದ ಕಥೆಯನ್ನು ತೆಲುಗು ಚಿತ್ರಚರಿತ್ರೆಗೆ ಬಿಟ್ಟುಕೊಡಲಾಗಿದೆ. ಅಲ್ಲಿ ಅವರು ‘ಜಾನಪದ ಬ್ರಹ್ಮ’. ಭಾಷೆಯನ್ನೇ ಅಳತೆಗೋಲಾಗಿ ಹಿಡಿದ ಈ ಹಂಚಿಕೆ ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ನೋಡಿದಾಗ ಸಹಜವೆನಿಸಬಹುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆಯಿಂದ ನೋಡಿದಾಗ ಅದು ಪ್ರೇಕ್ಷಕರ ಅನುಭವಕ್ಕೆ ಹೊಂದುವುದಿಲ್ಲ. ವಿಠಲಾಚಾರ್ಯರ ಬದುಕನ್ನು ಈ ಗಡಿನಾಡಿನ ಪ್ರೇಕ್ಷಕರ ನೆಲೆಯಿಂದ ಮತ್ತೊಮ್ಮೆ ಓದುವುದು ಪ್ರಸ್ತುತ ಲೇಖನದ ಉದ್ದೇಶ.

ವಿಠಲಾಚಾರ್ಯರು ಹುಟ್ಟಿದ್ದು ಉಡುಪಿ ಬಳಿಯ ಉದ್ಯಾವರದಲ್ಲಿ. ತಂದೆ ಆಯುರ್ವೇದ ಪಂಡಿತರು. ಬಾಲಕನ ಶಾಲಾ ವಿದ್ಯಾಭ್ಯಾಸ ಮೂರನೆಯ ತರಗತಿಗೇ ನಿಂತಿತು. ಒಂಬತ್ತನೆಯ ವಯಸ್ಸಿನಲ್ಲಿ ಅವರು ಮನೆ ಬಿಟ್ಟು ಹೊರಟರು. ಭೂತಾರಾಧನೆಯೂ ಯಕ್ಷಗಾನವೂ ದಿನನಿತ್ಯದ ಬದುಕಿನಲ್ಲಿ ಬೆರೆತ ತುಳುನಾಡಿನಿಂದ ಬಂದವರು ಇವರು ಎಂಬ ಸಂಗತಿಯಿಂದಲೇ ಅವರ ಚಿತ್ರಗಳನ್ನೆಲ್ಲ ವಿವರಿಸಿಬಿಡುವುದು ಸುಲಭ. ಅಂತಹ ಅವಸರದ ತೀರ್ಮಾನ ಬೇಕಿಲ್ಲ. ಆದರೂ ದೈವ, ಭೂತ, ಮನುಷ್ಯ ಒಂದೇ ಅಂಗಳದಲ್ಲಿ ಎದುರುಬದುರಾಗಿ ಮಾತನಾಡುವ ಒಂದು ಲೋಕವನ್ನು ಅವರು ಬಾಲ್ಯದಲ್ಲಿ ಕಂಡಿದ್ದರು ಎಂಬುದನ್ನು ಮರೆಯುವಂತಿಲ್ಲ.

ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಅವರು ಅರಸೀಕೆರೆಯಲ್ಲಿ ನೆಲೆನಿಂತು ಉಡುಪಿ ಹೋಟೆಲೊಂದನ್ನು ನಡೆಸಿದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಗೆಳೆಯರೊಂದಿಗೆ ಭಾಗವಹಿಸಿ ಸೆರೆಮನೆ ಕಂಡರು. ಬಿಡುಗಡೆಯಾದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಸ್ನೇಹಿತರ ಜೊತೆಗೂಡಿ ಹಾಸನ ಜಿಲ್ಲೆಯಲ್ಲಿ ಸಂಚಾರಿ ಚಿತ್ರಮಂದಿರವನ್ನು ನಡೆಸತೊಡಗಿದರು. ಅವರ ಬದುಕಿನ ನಿರ್ಣಾಯಕ ಘಟ್ಟ ಇದೇ ಎಂದು ಹೇಳಬಹುದು. ಟೆಂಟಿನ ಪ್ರೇಕ್ಷಕರು ನೆಲದ ಮೇಲೆ ಕುಳಿತವರು, ಮಕ್ಕಳುಮರಿಗಳೊಂದಿಗೆ ಸುತ್ತಲ ಹಳ್ಳಿಗಳಿಂದ ನಡೆದು ಬಂದವರು, ಬಹುಪಾಲು ಅನಕ್ಷರಸ್ಥರು. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ, ಯಾವ ದೃಶ್ಯ ಬಂದಾಗ ಎದ್ದು ಬೀಡಿ ಸೇದಲು ಹೋಗುತ್ತಾರೆ ಎಂಬುದು ಟೆಂಟಿನ ಮಾಲೀಕನಿಗೆ ದಿನದ ಲೆಕ್ಕಾಚಾರದ ವಿಷಯ. ಯಾವ ಸ್ಟುಡಿಯೋದಲ್ಲಿಯೂ ಶಿಷ್ಯವೃತ್ತಿ ಮಾಡದ ವಿಠಲಾಚಾರ್ಯರು, ಬಂದ ಚಿತ್ರಗಳನ್ನೆಲ್ಲ ಮತ್ತೆ ಮತ್ತೆ ನೋಡುತ್ತ, ನೋಡುವವರನ್ನೂ ನೋಡುತ್ತ ಚಿತ್ರನಿರ್ಮಾಣ ಕಲಿತರು.

ಮುಂದೆ ಮೈಸೂರಿಗೆ ಬಂದು ಡಿ. ಶಂಕರಸಿಂಗ್ ಅವರೊಂದಿಗೆ ಮಹಾತ್ಮ ಪಿಕ್ಚರ್ಸ್‌ನಲ್ಲಿ ಪಾಲುದಾರರಾದರು. ಈ ಸಂಸ್ಥೆಯ ‘ನಾಗಕನ್ನಿಕಾ’ (1949) ಮತ್ತು ‘ಜಗನ್ಮೋಹಿನಿ’ (1951) ಕನ್ನಡದಲ್ಲಿ ಮಾಯೆ, ಮಂತ್ರ, ಅದ್ಭುತಗಳ ಚಿತ್ರಪರಂಪರೆಗೆ ಗಟ್ಟಿಯಾದ ಬುನಾದಿ ಹಾಕಿದವು. ಪುರಾಣ ಮತ್ತು ಭಕ್ತಿಕಥೆಗಳೇ ಪ್ರಧಾನವಾಗಿದ್ದ ಕಾಲದಲ್ಲಿ ಜನಪದ ಕಥೆಯ ರಾಜಕುಮಾರ, ಮಾಂತ್ರಿಕ, ಮೋಹಿನಿಯರು ತೆರೆಗೆ ಬಂದರು. ಅನಂತರ ವಿಠಲ್ ಪ್ರೊಡಕ್ಷನ್ಸ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದ ವಿಠಲಾಚಾರ್ಯರು ‘ಕನ್ಯಾದಾನ’ (1954) ಚಿತ್ರವನ್ನು ಕನ್ನಡದಲ್ಲಿ ನಿರ್ದೇಶಿಸಿ, ಮರುವರ್ಷ ಅದನ್ನೇ ತೆಲುಗಿನಲ್ಲಿ ತೆಗೆದರು. ಮದರಾಸು ಅವರ ಕಾರ್ಯಕ್ಷೇತ್ರವಾಯಿತು. ಕನ್ನಡದ ನಂಟು ಕೂಡಲೇ ಕಡಿದುಹೋಗಲಿಲ್ಲ. 1963ರಲ್ಲಿ ಎನ್.ಟಿ. ರಾಮರಾವ್ ಅವರ ‘ಬಂದಿಪೋಟು’ ತೆಲುಗಿನಲ್ಲಿ ಬಂದಾಗ ಅದೇ ಕಥೆ ರಾಜಕುಮಾರ್ ಅವರ ‘ವೀರಕೇಸರಿ’ಯಾಗಿ ಕನ್ನಡದಲ್ಲಿಯೂ ಬಂತು. ‘ಅಗ್ಗಿಪಿಡುಗು’ (1964), ‘ಮಂಗಮ್ಮ ಶಪಥಂ’ (1965), ‘ಗಂಡಿಕೋಟ ರಹಸ್ಯಂ’ (1969) ಮೊದಲಾದ ಚಿತ್ರಗಳ ಮೂಲಕ ಅವರು ತೆಲುಗು ಜಾನಪದ ಚಿತ್ರಪ್ರಕಾರದ ಪ್ರಮುಖ ನಿರ್ದೇಶಕರಾದರು.

ವಿಠಲಾಚಾರ್ಯರ ನಿರ್ಮಾಣಪದ್ಧತಿಯಲ್ಲಿ ಮಿತವ್ಯಯಕ್ಕೆ ಮೊದಲ ಸ್ಥಾನ. ಒಂದೇ ಸೆಟ್ಟನ್ನು ಬಣ್ಣ ಬದಲಿಸಿ ಹಲವು ಬಾರಿ ಬಳಸುವುದು, ಮುಂಚಿತವಾಗಿ ಹಾಕಿಕೊಂಡ ಯೋಜನೆಯಂತೆ ಚಿತ್ರೀಕರಣ ಮುಗಿಸುವುದು ಅವರ ಕ್ರಮ. ಚಿತ್ರೀಕರಣಕ್ಕೆ ಸರಿಯಾಗಿ ಬಾರದ ನಟನ ಪಾತ್ರವನ್ನು ಮಾಂತ್ರಿಕನ ಶಾಪದಿಂದ ಗಿಳಿಯನ್ನಾಗಿಯೋ ಮೇಕೆಯನ್ನಾಗಿಯೋ ಮಾಡಿ ಕಥೆ ಮುಂದುವರಿಸುತ್ತಿದ್ದರು ಎಂಬ ಐತಿಹ್ಯ ಚಿತ್ರರಂಗದಲ್ಲಿ ಇಂದಿಗೂ ಪ್ರಚಲಿತವಾಗಿದೆ. ಇದರ ಸತ್ಯಾಸತ್ಯತೆ ಏನೇ ಇರಲಿ, ಅದರ ತರ್ಕ ಜನಪದ ಕಥೆಗಾರನದೇ. ಕಥೆ ಹೇಳುವಾಗ ಪಾತ್ರವೊಂದು ಅಡ್ಡಬಂದರೆ ಕಥೆಗಾರನೂ ಅದನ್ನು ಕಲ್ಲಾಗಿಸಿ ಮುಂದೆ ಸಾಗುತ್ತಾನೆ.

ಈ ಪದ್ಧತಿಯ ಪರಿಪಕ್ವ ರೂಪವನ್ನು ನರಸಿಂಹರಾಜು, ಪ್ರಭಾ, ಜಯಮಾಲಿನಿ ಅಭಿನಯಿಸಿದ ತೆಲುಗು ‘ಜಗನ್ಮೋಹಿನಿ’ಯಲ್ಲಿ (1978) ಕಾಣಬಹುದು. ಮೈಸೂರಿನ ದಿನಗಳ ಶೀರ್ಷಿಕೆಯೇ ಇಪ್ಪತ್ತೇಳು ವರ್ಷಗಳ ನಂತರ ಮರಳಿ ಬಂದಿತು. ವಂಚನೆಗೊಳಗಾಗಿ ಸತ್ತ ಹೆಣ್ಣು ಮೋಹಿನಿಯಾಗಿ ಹಿಂದಿರುಗುತ್ತಾಳೆ. ಪತ್ನಿಯಾದವಳು ದೈವಭಕ್ತಿಯಿಂದ ಗಂಡನನ್ನು ಉಳಿಸಿಕೊಳ್ಳಲು ಹೋರಾಡುತ್ತಾಳೆ. ಸೌದೆಗೆ ಬದಲಾಗಿ ತನ್ನ ಕಾಲುಗಳನ್ನೇ ಒಲೆಗೆ ಒಡ್ಡಿ ದೆವ್ವ ಅಡುಗೆ ಮಾಡುವ ದೃಶ್ಯ ಈ ಚಿತ್ರವನ್ನು ಕಂಡವರೆಲ್ಲರ ನೆನಪಿನಲ್ಲಿ ಉಳಿದಿದೆ. ಗಣಕಯಂತ್ರದ ನೆರವಿಲ್ಲದ ಕಾಲದ ಕೈಚಳಕವಿದು. ಕ್ಯಾಮರಾ ನಿಲ್ಲಿಸಿ ಮತ್ತೆ ಓಡಿಸುವುದು, ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರ ಮೂಡಿಸುವುದು, ತಂತಿಯಿಂದ ವಸ್ತುಗಳನ್ನು ಎತ್ತುವುದು ಅಂದಿನ ತಂತ್ರಗಳು. ಪ್ರೇಕ್ಷಕರಿಗೆ ಇದು ಉಪಾಯವೆಂದು ಗೊತ್ತಿರುತ್ತದೆ, ಗೊತ್ತಿದ್ದೂ ಬೆರಗಾಗುತ್ತಾರೆ. ಭಯಾನಕ, ಅದ್ಭುತ, ಹಾಸ್ಯ ಮೂರೂ ಇಲ್ಲಿ ಒಂದೇ ದೃಶ್ಯದಲ್ಲಿ ಸೇರಿಕೊಳ್ಳುತ್ತವೆ. ಅತ್ಯಂತ ಪರಿಚಿತವಾದ ಗೃಹಕೃತ್ಯದ ನಡುವೆಯೇ ಅತಿಮಾನುಷವನ್ನು ತಂದಿಟ್ಟದ್ದು ಇದಕ್ಕೆ ಕಾರಣ.

ಕಲಬುರಗಿ ಜಿಲ್ಲೆಯ ಈ ಪೂರ್ವಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1874ರಲ್ಲಿ ಆರಂಭವಾದ ವಾಡಿ-ಹೈದರಾಬಾದ್ ರೈಲುಮಾರ್ಗ ಚಿತ್ತಾಪುರ, ಮಳಖೇಡ, ಸೇಡಂಗಳನ್ನು ತಾಂಡೂರಿನೊಡನೆ ಬೆಸೆದಿದೆ. ಶಹಾಬಾದಿನ ಕಲ್ಲುಗಣಿಗಳು, ವಾಡಿಯ ಸಿಮೆಂಟ್ ಕಾರ್ಖಾನೆ ಹಲವು ಭಾಷೆಗಳ ಶ್ರಮಿಕರನ್ನು ಒಂದೆಡೆ ಸೇರಿಸಿದವು. ಚಿಂಚೋಳಿ ಮತ್ತು ಸೇಡಂ ತಾಲ್ಲೂಕುಗಳ ಗಡಿಹಳ್ಳಿಗಳಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧಗಳು ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ಕನ್ನಡ, ತೆಲುಗು, ದಖನಿ ಉರ್ದು ಒಂದೇ ಸಂತೆಯಲ್ಲಿ ವ್ಯವಹರಿಸುತ್ತವೆ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡನ್ನು ಕಲ್ಪಿಸಿದ ‘ಕವಿರಾಜಮಾರ್ಗ’ ರೂಪುಗೊಂಡ ರಾಷ್ಟ್ರಕೂಟರ ಮಾನ್ಯಖೇಟ ಇದೇ ಸೇಡಂ ತಾಲ್ಲೂಕಿನ ಮಳಖೇಡ ಎಂಬುದನ್ನೂ ಇಲ್ಲಿ ನೆನೆಯಬಹುದು.

ಪ್ರಸ್ತುತ ಲೇಖಕರಿಗೆ ‘ಜಗನ್ಮೋಹಿನಿ’ ಮೊದಲು ಪರಿಚಯವಾದದ್ದು ತೆರೆಯ ಮೇಲಲ್ಲ, ಸೇಡಂನ ಮನೆಯಂಗಳದಲ್ಲಿ ಅಜ್ಜಿ ಹೇಳಿದ ಕಥೆಯಾಗಿ. ಓದುಬರಹ ಅರಿಯದ ಆಕೆ ತೆಲುಗಿನಲ್ಲಿ ಕಂಡ ಚಿತ್ರವನ್ನು ತನ್ನ ಕನ್ನಡದಲ್ಲಿ ಹೇಳುತ್ತಿದ್ದಳು. ಆಕೆಯ ಹೇಳಿಕೆಯಲ್ಲಿ ಮೋಹಿನಿ ಕಾಗಿಣಾ ನದಿಯ ದಂಡೆಯಲ್ಲಿ ಅಲೆಯುತ್ತಿದ್ದಳು. ಆ ಒಲೆಯ ಮೇಲೆ ಬೇಯುತ್ತಿದ್ದುದು ಜೋಳದ ಸಂಗಟಿ. ಕಾಲು ಒಲೆಗೆ ಇಡುವ ಭಾಗ ಬಂದಾಗ ಮಕ್ಕಳು ಕೌದಿಯೊಳಗೆ ಮುದುರಿ ನಗುತ್ತಿದ್ದರು. ಕೊನೆಯಲ್ಲಿ ಮಾತ್ರ ಅಜ್ಜಿ ಚಿತ್ರದ ತೀರ್ಪನ್ನು ಪೂರ್ತಿ ಒಪ್ಪುತ್ತಿರಲಿಲ್ಲ. ಹೆಂಡತಿ ಗೆದ್ದದ್ದು ಸರಿ, ಆದರೆ ಮೋಸಹೋದ ಆ ಹೆಣ್ಣಿನ ನ್ಯಾಯ ಏನಾಯಿತು ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಅನಂತರ ಚಿತ್ರವನ್ನು ನೋಡಿದಾಗ ಆ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯಲಿಲ್ಲ. ವಿಠಲಾಚಾರ್ಯರ ಲೋಕದ ಮಿತಿಯೂ ಇಲ್ಲಿಯೇ ಇದೆ. ಅನ್ಯಾಯಕ್ಕೊಳಗಾದವಳ ಕೋಪಕ್ಕೆ ಅದ್ಭುತ ರೂಪ ಕೊಡುವ ಚಿತ್ರ, ಕೊನೆಗೆ ಅವಳನ್ನು ನಿಗ್ರಹಿಸಿ ಸಂಸಾರವನ್ನು ಎತ್ತಿಹಿಡಿಯುತ್ತದೆ. ಜಯಮಾಲಿನಿ ಅವರ ಪಾತ್ರವನ್ನು ಕ್ಯಾಮರಾ ನೋಡುವ ಬಗೆಯೂ ವಿಮರ್ಶೆಗೆ ಅತೀತವಲ್ಲ.

ಆದರೂ ಇಂತಹ ಚಿತ್ರಗಳನ್ನು ಅಗ್ಗದ ರಂಜನೆಯೆಂದು ತಳ್ಳಿಹಾಕುವ ವಿದ್ವತ್ತಿನ ನಿಲುವು ಮರುಚಿಂತನೆಗೆ ಅರ್ಹವಾಗಿದೆ. ಜನ್ನನ ‘ಯಶೋಧರ ಚರಿತೆ’ಯ ಚಂಡಮಾರಿಯ ಗುಡಿಯನ್ನು, ಬೇತಾಳನ ಕಥೆಗಳನ್ನು ತರಗತಿಯಲ್ಲಿ ಗಂಭೀರವಾಗಿ ಬೋಧಿಸುವ ನಾವು, ಅದೇ ಬಗೆಯ ಆಶಯಗಳು ತೆರೆಯ ಮೇಲೆ ಬಂದಾಗ ಮುಖ ತಿರುಗಿಸುತ್ತೇವೆ. ಅಜ್ಜಿಯಂತಹ ಪ್ರೇಕ್ಷಕರು ಚಿತ್ರವನ್ನು ಸುಮ್ಮನೆ ಸ್ವೀಕರಿಸಲಿಲ್ಲ. ಆಸ್ವಾದಿಸಿದರು, ತಮ್ಮ ಊರಿಗೆ ತಂದುಕೊಂಡರು, ತೀರ್ಪನ್ನು ಪ್ರಶ್ನಿಸಿದರು. ಮೌಖಿಕ ಪರಂಪರೆಯಿಂದ ತೆರೆಗೆ ಹೋದ ಕಥೆ ಹೀಗೆ ಮತ್ತೊಂದು ಭಾಷೆಯಲ್ಲಿ ಮೌಖಿಕ ಪರಂಪರೆಗೇ ಹಿಂದಿರುಗಿತು.

1980ರ ದಶಕದಲ್ಲಿ ಜಾನಪದ ಚಿತ್ರಗಳ ಬೇಡಿಕೆ ಕುಗ್ಗಿತು. ‘ಮದನಮಂಜರಿ’ (1980), ‘ನವಮೋಹಿನಿ’ (1984) ಬಂದವು. ‘ಜೈ ಬೇತಾಳ’ (1985) ಚಿತ್ರದಲ್ಲಿ ಅವರು ಮೂರು ಆಯಾಮದ ತಂತ್ರವನ್ನೂ ಪ್ರಯೋಗಿಸಿದರು. ವಿಠಲಾಚಾರ್ಯರು 1999ರಲ್ಲಿ ನಿಧನರಾದರು. 2009ರಲ್ಲಿ ‘ಜಗನ್ಮೋಹಿನಿ’ ತಮಿಳಿನಲ್ಲಿ ಹೊಸದಾಗಿ ತಯಾರಾಯಿತು.

ಚಿತ್ರದ ಪ್ರತಿಗಳು ಇಂದು ಸುಲಭವಾಗಿ ದೊರೆಯುತ್ತವೆ. ಅವುಗಳನ್ನು ಕಂಡು ಕನ್ನಡದಲ್ಲಿ ಮರುನಿರೂಪಿಸಿದವರ ಕಥೆಗಳು ಮಾತ್ರ ಎಲ್ಲಿಯೂ ದಾಖಲಾಗಿಲ್ಲ. ನಮ್ಮ ಮನೆಯ ಕಥನವೂ ಅಜ್ಜಿಯೊಂದಿಗೆ ಹೋಯಿತು. ಉಳಿದಿರುವುದು ಅದರ ಕೆಲವು ತುಣುಕುಗಳಷ್ಟೆ. ಈ ಐದು ಊರುಗಳ ಹಿರಿಯರಲ್ಲಿ ಇನ್ನೂ ಉಳಿದಿರಬಹುದಾದ ಇಂತಹ ಕಥನಗಳನ್ನು ಸಂಗ್ರಹಿಸುವುದು ಕನ್ನಡ ಜಾನಪದ ಅಧ್ಯಯನದ ತುರ್ತು ಕಾರ್ಯವಾಗಿದೆ. ಉದ್ಯಾವರದಿಂದ ಹೊರಟ ಆ ಬಾಲಕ ಕನ್ನಡಕ್ಕೆ ಎಷ್ಟು ಸೇರಿದವನು ಎಂಬ ಪ್ರಶ್ನೆಗೆ ಉತ್ತರವನ್ನು ಆ ಕಥನಗಳಲ್ಲಿಯೇ ಹುಡುಕಬೇಕಾಗಿದೆ.