ದೇವರಿದ್ದಾನೆಯೇ? 'ಗೊತ್ತಿಲ್ಲ' ಎನ್ನುವವರಿಗೆ ಹೆಸರು ಕೊಟ್ಟ ವಿಜ್ಞಾನಿ ಹಕ್ಸ್‌ಲಿ

ದೇವರಿದ್ದಾನೆ ಎನ್ನುವವರನ್ನು ಆಸ್ತಿಕರು, ಇಲ್ಲ ಎನ್ನುವವರನ್ನು ನಾಸ್ತಿಕರು ಎಂದು ಸಾಮಾನ್ಯವಾಗಿ ಕರೆಯುತ್ತೇವೆ. ಎರಡರಲ್ಲಿ ಯಾವುದನ್ನೂ ಖಚಿತವಾಗಿ ಹೇಳಲು ಆಧಾರವಿಲ್ಲ ಎನ್ನುವವರು ಅಜ್ಞೇಯವಾದಿಗಳು. ಇಂಥವರಿಗೆ ಇಂಗ್ಲಿಷಿನಲ್ಲಿ 'ಅಗ್ನಾಸ್ಟಿಕ್' ಎಂಬ ಪದವನ್ನು ಹುಟ್ಟುಹಾಕಿದವರು ಬ್ರಿಟನ್ನಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ.

ಹಕ್ಸ್‌ಲಿ ಹುಟ್ಟಿದ್ದು 1825ರ ಮೇ 4ರಂದು, ಲಂಡನ್ ಸಮೀಪದ ಈಲಿಂಗ್‌ನಲ್ಲಿ. ತಂದೆ ಶಾಲಾ ಶಿಕ್ಷಕರಾಗಿದ್ದರೂ ಮಗ ಶಾಲೆಗೆ ಹೋದದ್ದು ಎರಡೇ ವರ್ಷ. ಉಳಿದದ್ದೆಲ್ಲ ಸ್ವಂತ ಓದು. ವೈದ್ಯಕೀಯ ಕಲಿತ ಅವರು 1846ರಲ್ಲಿ 'ರ್‍ಯಾಟಲ್‌ಸ್ನೇಕ್' ಎಂಬ ನೌಕೆಯಲ್ಲಿ ಸಹಾಯಕ ವೈದ್ಯರಾಗಿ ಆಸ್ಟ್ರೇಲಿಯಾ ಕಡೆಗೆ ಹೊರಟರು. ಆ ಯಾನದಲ್ಲಿ ಸಮುದ್ರಜೀವಿಗಳ ಬಗ್ಗೆ ನಡೆಸಿದ ಅಧ್ಯಯನ 26ನೇ ವಯಸ್ಸಿಗೇ ಅವರಿಗೆ ರಾಯಲ್ ಸೊಸೈಟಿಯ ಸದಸ್ಯತ್ವ ತಂದುಕೊಟ್ಟಿತು. ಸಿಡ್ನಿಯಲ್ಲಿ ಪರಿಚಯವಾಗಿದ್ದ ಹೆನ್ರಿಯೆಟ್ಟಾ ಅವರನ್ನು 1855ರಲ್ಲಿ ಮದುವೆಯಾದರು.

1860ರ ಜೂನ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬಿಷಪ್ ಸ್ಯಾಮ್ಯುಯೆಲ್ ವಿಲ್ಬರ್‌ಫೋರ್ಸ್ ಎದುರು ಡಾರ್ವಿನ್ನರ ವಿಕಾಸವಾದದ ಪರ ವಾದಿಸಿ ಹಕ್ಸ್‌ಲಿ ಹೆಸರಾದರು. ಆದರೆ ಮೂರೇ ತಿಂಗಳಲ್ಲಿ ಮನೆಯಲ್ಲಿ ಸಿಡಿಲೆರಗಿತು. ನಾಲ್ಕು ವರ್ಷವೂ ತುಂಬದ ಹಿರಿಯ ಮಗ ನೋಯೆಲ್ ಸೆಪ್ಟೆಂಬರ್ 15ರಂದು ಸ್ಕಾರ್ಲೆಟ್ ಜ್ವರಕ್ಕೆ ಬಲಿಯಾದ.

ಪಾದ್ರಿಯೂ ಕಾದಂಬರಿಕಾರರೂ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಸಾಂತ್ವನದ ಪತ್ರ ಬರೆದರು. ಸಾವಿನಾಚೆಗೂ ಬದುಕಿದೆ ಎಂದು ನಂಬಿದರೆ ಮಗ ಮತ್ತೆ ಸಿಕ್ಕಾನೆಂಬ ಆಸೆಯಾದರೂ ಉಳಿಯುತ್ತಿತ್ತು. ಹಕ್ಸ್‌ಲಿ ಒಪ್ಪಲಿಲ್ಲ. ಆತ್ಮ ಅಮರ ಎಂಬುದನ್ನು ನಂಬಲು ತಮ್ಮ ಬಳಿ ಕಾರಣವಿಲ್ಲ, ಅಲ್ಲಗಳೆಯಲು ದಾರಿಯೂ ಇಲ್ಲ ಎಂದು ಉತ್ತರಿಸಿದರು. ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂಬ ಕಾರಣಕ್ಕೆ ಒಂದು ಮಾತು ನಿಜವಾಗುವುದಿಲ್ಲ ಎಂಬುದು ಅವರ ನಿಲುವಾಗಿತ್ತು.

ಒಂಬತ್ತು ವರ್ಷಗಳ ನಂತರ ಆ ನಿಲುವಿಗೆ ಹೆಸರು ಸಿಕ್ಕಿತು. 1869ರಲ್ಲಿ ಲಂಡನ್ನಿನ ಮೆಟಾಫಿಸಿಕಲ್ ಸೊಸೈಟಿಯಲ್ಲಿ ಧರ್ಮಗುರುಗಳು, ತತ್ವಜ್ಞಾನಿಗಳು, ವಿಜ್ಞಾನಿಗಳು ಒಟ್ಟಿಗೆ ಕೂತು ಚರ್ಚಿಸುತ್ತಿದ್ದರು. ಬಹುತೇಕ ಎಲ್ಲರಿಗೂ ಒಂದೊಂದು ವಾದದ ಹಣೆಪಟ್ಟಿ ಇತ್ತು, ಹಕ್ಸ್‌ಲಿಗೆ ಮಾತ್ರ ಇರಲಿಲ್ಲ. ಎಲ್ಲ ಬಲ್ಲೆವು ಎನ್ನುವವರಿಗೆ ವಿರುದ್ಧಾರ್ಥ ಕೊಡುವಂತೆ ಅವರು ಈ ಪದ ಕಟ್ಟಿದರು. ಇದು ಮತವಲ್ಲ, ವಿಚಾರ ಮಾಡುವ ವಿಧಾನ ಎಂದು 1889ರ ಲೇಖನದಲ್ಲಿ ವಿವರಿಸಿದರು. ಸಾಕ್ಷ್ಯ ಇರುವಷ್ಟೇ ಖಚಿತವಾಗಿ ಮಾತನಾಡಬೇಕು ಎಂಬುದು ಅದರ ತಿರುಳು. ಅಪನಂಬಿಕೆಗೆ ಹಾಕಿದ ಮುಸುಕು ಇದು ಎಂದು ಚರ್ಚ್ ವಲಯದಿಂದ ಟೀಕೆಯೂ ಬಂತು.

ಹಾಗೆಂದು ಅವರು ಧರ್ಮಗ್ರಂಥವನ್ನು ದೂರವಿಡಲಿಲ್ಲ. 1870ರಲ್ಲಿ ಲಂಡನ್ ಶಾಲಾ ಮಂಡಳಿಗೆ ಆಯ್ಕೆಯಾದಾಗ, ಮತಬೋಧನೆ ಇಲ್ಲದೆ ಬೈಬಲ್ ಓದಿಸುವುದನ್ನು ಬೆಂಬಲಿಸಿದ್ದರು.

1895ರ ಜೂನ್ 29ರಂದು ಈಸ್ಟ್‌ಬೋರ್ನ್‌ನಲ್ಲಿ ಹಕ್ಸ್‌ಲಿ ನಿಧನರಾದರು. ಅವರ ಇಚ್ಛೆಯಂತೆ ಸಮಾಧಿಯ ಮೇಲೆ ಪತ್ನಿಯ ಕವಿತೆಯ ಮೂರು ಸಾಲು ಕೆತ್ತಲಾಗಿದೆ. ಸಾವು ಕೊನೆಯಿಲ್ಲದ ನಿದ್ರೆಯೇ ಆಗಿದ್ದರೆ ಅದೂ ಸರಿಯೇ ಎಂಬ ಭಾವ ಅದರಲ್ಲಿದೆ. ಆ ಸಮಾಧಿ ಇರುವುದು ಲಂಡನ್ನಿನ ಫಿಂಚ್ಲಿಯಲ್ಲಿ, 35 ವರ್ಷ ಮೊದಲೇ ಹೋಗಿದ್ದ ನೋಯೆಲ್‌ನ ಪಕ್ಕದಲ್ಲಿ.