ಶಿವಾಜಿನಗರದ ಅಂಗಳ ಮತ್ತು ಅಬ್ಬೆ ದ್ಯುಬುವಾ

ಇಟಲಿಯ ಫ್ಲಾರೆನ್ಸ್ ನಗರದ ಸಾಂತಿಸ್ಸಿಮಾ ಅನ್ನುನ್ಸಿಯಾತಾ ಚೌಕದಲ್ಲಿ ಮಾತೆ ಮರಿಯಮ್ಮನವರ ಜನನೋತ್ಸವದ ಮುನ್ನಾದಿನ ಜನರು ಕಾಗದದ ದೀಪ ಹಿಡಿದು ಸೇರುತ್ತಾರೆ. ಸೆಪ್ಟೆಂಬರ್ 8ರಂದು ನಾವು ಮೊಂತಿ ಹಬ್ಬ ಆಚರಿಸುವಾಗ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದ ಅಂಗಳವೂ ತುಂಬಿರುತ್ತದೆ. ಆ ನೆಲದಲ್ಲಿ ಮೊದಮೊದಲು ದುಡಿದ ಧರ್ಮಗುರುಗಳಲ್ಲಿ ಅಬ್ಬೆ ದ್ಯುಬುವಾ ಒಬ್ಬರು.

ಫ್ರಾನ್ಸ್ ದೇಶದ ಇವರು 1792ರಲ್ಲಿ ಮಿಷನರಿಯಾಗಿ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದು, ನಮ್ಮ ಕರಾವಳಿಯ ಹಿರಿಯರು 15 ವರ್ಷ ಸೆರೆಯಲ್ಲಿ ನರಳಿದ ಆ ನಾಡಿನಲ್ಲಿ ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ದೇಶೀ ಉಡುಗೆ ತೊಟ್ಟು, ಸಸ್ಯಾಹಾರಿಯಾಗಿ ಬಾಳಿದ ಅವರನ್ನು ಜನರು ದೊಡ್ಡ ಸ್ವಾಮಿಯವರು ಎಂದು ಕರೆದರು. 1803-04ರಲ್ಲಿ 25,432 ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು.

ಆದರೆ 1823ರಲ್ಲಿ ಭಾರತವನ್ನು ಬಿಟ್ಟಾಗ ಅವರು ನಿರಾಶರಾಗಿದ್ದರು. ಶುಭಸಂದೇಶ ಇಲ್ಲಿ ಬೇರೂರದು ಎಂದು ಪುಸ್ತಕದಲ್ಲೇ ಬರೆದರು. 1848ರಲ್ಲಿ ಪ್ಯಾರಿಸ್‌ನಲ್ಲಿ ನಿಧನರಾದರು. 1882ರಲ್ಲಿ ಶಿವಾಜಿನಗರದ ಇಂದಿನ ಗೋಥಿಕ್ ದೇವಾಲಯ ಪವಿತ್ರೀಕರಣಗೊಂಡಿತು. ಅದನ್ನು ನೋಡಲು ಅವರಿರಲಿಲ್ಲ. ಇಂದು ಅನ್ಯಧರ್ಮೀಯರೂ ಅಲ್ಲಿಗೆ ಹರಕೆ ಹೊತ್ತು ಬರುತ್ತಾರೆ.

ನಮ್ಮ ಧರ್ಮಕೇಂದ್ರಗಳಲ್ಲಿ ವರ್ಷಗಟ್ಟಲೆ ದುಡಿದೂ ಫಲ ಕಾಣದೆ ಬೇಸತ್ತವರು ಆ ಅಂಗಳದಲ್ಲಿ ಒಮ್ಮೆ ನಿಂತು ಪ್ರಾರ್ಥಿಸಲಿ. ಬಿತ್ತುವವರೇ ಕೊಯ್ಯಬೇಕೆಂದಿಲ್ಲ.