ಫಾರ್ಗೋ ಬಸ್ಸಿನ ಹಿಂದಿದ್ದ ವಾಲ್‌ಚಂದ್

ಗಂಗಾನಗರದಲ್ಲಿರೋ ನಮ್ಮ ಫ್ರೆಂಡ್ ಮನೆಗೆ ಹೋದಾಗ ಅವನ ತಾತನ ಹಳೇ ಆಲ್ಬಮ್ ಸಿಕ್ತು. ಅದರಲ್ಲೊಂದು ಕಪ್ಪು-ಬಿಳುಪು ಫೋಟೋ. ಮೂತಿ ಮುಂದೆ ಚಾಚಿಕೊಂಡ ಬಸ್ಸು, ಬಾನೆಟ್ ಮೇಲೆ ಫಾರ್ಗೋ ಅನ್ನೋ ಹೆಸರು, ಪಕ್ಕದಲ್ಲಿ ಪಂಚೆ ಉಟ್ಟು ನಿಂತ ತಾತ. ಬಳ್ಳಾರಿ ರೋಡಲ್ಲಿ ವೋಲ್ವೋ ನೋಡಿ ಬೆಳೆದ ನಮಗೆ ಈ ಹೆಸರೇ ಹೊಸದು. ಯಾರು ಮಾಡಿದ ಬಸ್ಸಪ್ಪಾ ಇದು ಅಂತ ಹುಡುಕಿದ್ವಿ. ಸಿಕ್ಕಿದ್ದು ವಾಲ್‌ಚಂದ್ ಹೀರಾಚಂದ್ ಅವರ ಕಥೆ.

ವಾಲ್‌ಚಂದ್ ಹುಟ್ಟಿದ್ದು 1882ರಲ್ಲಿ, ಇವತ್ತಿಗೂ ಕನ್ನಡ ಮಾತು ಕೇಳಿಸೋ ಸೊಲ್ಲಾಪುರದಲ್ಲಿ. ಮನೆಯವರದು ವ್ಯಾಪಾರ. ಮುಂಬೈ, ಪುಣೆಯಲ್ಲಿ ಕಾಲೇಜಿಗೆ ಸೇರಿದರೂ ಡಿಗ್ರಿ ಮುಗಿಸಲಿಲ್ಲ. ಮನೆಯ ವ್ಯಾಪಾರ ಹಿಡಿಸಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಫಾಟಕ್ ಅವರ ಜೊತೆ ಸೇರಿ ರೈಲ್ವೆ ಕಂಟ್ರಾಕ್ಟರ್ ಆದರು. 1919ರಲ್ಲಿ ಬ್ರಿಟಿಷ್ ಹಡಗು ಕಂಪನಿಗಳಿಗೆ ಎದುರಾಗಿ ಸಿಂಧಿಯಾ ಕಂಪನಿ ಕಟ್ಟಿ ಎಸ್‌ಎಸ್ ಲಾಯಲ್ಟಿ ಅನ್ನೋ ಹಡಗನ್ನು ಲಂಡನ್‌ಗೆ ಕಳಿಸಿದರು. ಆ ಹಡಗು ಹೊರಟ ಏಪ್ರಿಲ್ 5ನ್ನೇ ಈಗ ರಾಷ್ಟ್ರೀಯ ನೌಕಾಯಾನ ದಿನ ಅಂತ ಆಚರಿಸ್ತಾರೆ.

ನಮ್ಮೂರಿಗೂ ಅವರಿಗೂ ನಂಟು ಬೆಳೆದಿದ್ದು ವಾಹನಗಳಿಂದ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕು ಅಂತ ಯುರೋಪ್, ಅಮೆರಿಕ ಸುತ್ತಿ ಯೋಜನೆ ಬರೆದರು. ವಾಲ್‌ಚಂದ್ ದುಡ್ಡು ಹಾಕೋಕೆ ರೆಡಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರವೂ ಬೆಂಬಲ ಕೊಡೋಕೆ ಮುಂದೆ ಬಂತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಪ್ಲಾನ್, ಬಂಡವಾಳ ಎರಡೂ ಇದ್ದು ಪರ್ಮಿಷನ್ ಒಂದೇ ಇಲ್ಲ ಅಂದ್ರೆ ಎಷ್ಟು ಉರಿಯುತ್ತೆ ಯೋಚಿಸಿ.

ಅದೇ ಮೋಟಾರಿನ ಕೆಲಸಕ್ಕೆ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದ ಅವರಿಗೆ ವಿಮಾನದಲ್ಲಿ ವಿಲಿಯಂ ಪಾಲಿ ಅನ್ನೋ ವಿಮಾನ ಉದ್ಯಮಿ ಸಿಕ್ಕರು. ಆ ಮಾತುಕತೆಯಿಂದ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಮೈಸೂರು ಸರ್ಕಾರ ಸುಮಾರು 700 ಎಕರೆ ಜಾಗದ ಜೊತೆ ಬಂಡವಾಳವನ್ನೂ ಕೊಟ್ಟಿತು. 1941ರ ಆಗಸ್ಟ್‌ನಲ್ಲಿ ಮೊದಲ ಹಾರ್ಲೋ ವಿಮಾನ ಹಾರಿತು. 1942ರಲ್ಲಿ ಯುದ್ಧದ ಕಾರಣಕ್ಕೆ ಸರ್ಕಾರ ವಾಲ್‌ಚಂದ್ ಪಾಲನ್ನು ಕೊಂಡುಕೊಂಡಿತು. ಅಲ್ಲಿಗೆ ಆ ಫ್ಯಾಕ್ಟರಿಯೂ ಕೈಬಿಟ್ಟು ಹೋಯ್ತು.

ಅವರು ಸುಮ್ಮನೆ ಕೂರಲಿಲ್ಲ. 1944ರಲ್ಲಿ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು. ಕ್ರೈಸ್ಲರ್ ಜೊತೆ ಒಪ್ಪಂದ. 1947ರ ಹೊತ್ತಿಗೆ ವಾಹನಗಳು ಹೊರಬಂದವು. ಡಾಡ್ಜ್, ಡಿಸೋಟೊ, ಫಾರ್ಗೋ ಹೆಚ್ಚುಕಮ್ಮಿ ಒಂದೇ ಗಾಡಿ, ಬ್ಯಾಡ್ಜ್ ಮಾತ್ರ ಬೇರೆ! ಆಗ ಫ್ಯಾಕ್ಟರಿಯಿಂದ ಬರ್ತಿದ್ದದ್ದು ಚಾಸಿ ಮಾತ್ರ. ಬಾಡಿ ಕಟ್ಟೋರು ಬೇರೆಯವರು. ತಮಾಷೆ ಅಂದ್ರೆ, ಯುದ್ಧ ಮುಗಿದು ವಿಮಾನದ ಕೆಲಸ ಕಮ್ಮಿಯಾದಾಗ ಎಚ್‌ಎಎಲ್ ಕೂಡ ರೈಲು ಬೋಗಿ, ಬಸ್ ಬಾಡಿ ಕಟ್ಟಿತು. 1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರ 120 ಬಸ್ಸುಗಳಿಂದ ಸಾರಿಗೆ ಇಲಾಖೆ ಶುರು ಮಾಡಿತು. ಇವತ್ತಿನ ಕೆಎಸ್‌ಆರ್‌ಟಿಸಿಯ ಮೂಲ ಅದೇ.

ಆರೋಗ್ಯ ಕೆಟ್ಟು ವಾಲ್‌ಚಂದ್ 1950ರಲ್ಲಿ ನಿವೃತ್ತರಾದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಸಾಂಗ್ಲಿಯಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಡಿಗ್ರಿ ಮುಗಿಸದವರ ಹೆಸರು ಸಾವಿರಾರು ಜನರ ಡಿಗ್ರಿ ಮೇಲಿದೆ.

ಬೆಂಗಳೂರಲ್ಲಿ ಆಗಬೇಕಿದ್ದ ಮೋಟಾರು ಕಾರ್ಖಾನೆ ಆಗಲೇ ಇಲ್ಲ. ಆದರೂ ಅವರ ಗಾಡಿ ಮುಂಬೈ ದಾರಿ ಹಿಡಿದು ಬಂದು ತಾತನ ಪಕ್ಕ ನಿಂತಿತ್ತು. ಆ ಫೋಟೋದ ಮೂಲೆ ಆಗಲೇ ಹಳದಿಯಾಗ್ತಿದೆ, ಸ್ಕ್ಯಾನ್ ಮಾಡಿ ಇಟ್ಟಿದ್ದೀವಿ. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮನೆ ಆಲ್ಬಮ್ಮನ್ನೂ ತೆಗೆದು ನೋಡಿ. ಬಸ್ಸು ಕಂಡರೆ ಬಾನೆಟ್ ಮೇಲಿನ ಹೆಸರು ಓದೋದು ಮರೀಬೇಡಿ.